ಮಗಳಿಗೊಂದು ಪತ್ರ: ಕಷಾಯದ ಜೊತೆ ಹೇಳಬೇಕಾದ ಮಾತು

ಪ್ರೀತಿಯ ಪುಟ್ಟಿ,

ಭಾನುವಾರ ನೀನು ಫೋನ್ ಇಟ್ಟ ಮೇಲೆ ತುಂಬಾ ಹೊತ್ತು ಅಡುಗೆಮನೆಯಲ್ಲೇ ಕೂತಿದ್ದೆ. ನೀನು ಕೇಳಿದ್ದು ಇಷ್ಟೇ. "ಅಮ್ಮಾ, ಬೆಳಿಗ್ಗೆಯಿಂದ ಐದು ಸಲ ವಾಂತಿ ಆಯ್ತು, ಏನಾದ್ರೂ ಮನೆಮದ್ದು ಹೇಳು." ನಾನು "ಕಷಾಯ ಗಿಷಾಯ ಏನೂ ಬೇಡ, ಈಗಲೇ ಆಸ್ಪತ್ರೆಗೆ ಹೋಗು" ಅಂತ ಕೂಗಿದೆ. "ಊರವರಿಗೆಲ್ಲ ಕಷಾಯದ ಪುಡಿ ಮಾಡಿ ಕೊಡ್ತೀಯ, ಮಗಳು ಕೇಳಿದ್ರೆ ಹೆದರಿಸ್ತೀಯ" ಅಂದೆ ನೀನು. ಸರಿಯಾಗಿಯೇ ಅಂದೆ.

ಎಂಟು ವಾರದ ಬಸುರಿ, ಪುಣೆಯಲ್ಲಿ ಒಬ್ಬಳೇ ಇರುವ ಹೊತ್ತು ಜಾಸ್ತಿ, ಅಮ್ಮನ ದನಿ ಕೇಳಿ ಸಮಾಧಾನ ಮಾಡಿಕೊಳ್ಳೋಣ ಅಂತ ಫೋನ್ ಮಾಡಿದವಳಿಗೆ ನಾನು ಹಾಗೆ ಕೂಗಬಾರದಿತ್ತು. ತಪ್ಪಾಯ್ತು ಪುಟ್ಟಿ. ಯಾಕೆ ಕೂಗಿದೆ ಅನ್ನುವುದನ್ನು ಫೋನಿನಲ್ಲಿ ಹೇಳಲು ನನ್ನಿಂದ ಆಗುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಆಗುಂಬೆ ಘಾಟಿಯಲ್ಲಿ ಬಸ್ಸಿನ ಕಿಟಕಿಯಿಂದ ಕಕ್ಕಿದ್ದು, ನಿಂಬೆಹಣ್ಣು ಮೂಸಿದ್ದು, ಅದೆಲ್ಲ ನಿನಗೇ ನೆನಪಿದೆ, ಬಿಡು. ನಿನಗೆ ನೆನಪಿಲ್ಲದ್ದು ಒಂದಿದೆ. 2001ರ ಜುಲೈ. ನಿನಗೆ ಆಗ ನಾಲ್ಕು ವರ್ಷ. ಜ್ವರ ಬಂದು ಆಸ್ಪತ್ರೆಯಲ್ಲಿ ಮೂರು ದಿನ ಇದ್ದೆ ಅಂತ ನಿನಗೆ ಹೇಳಿದ್ದೇವೆ. ಅದು ಜ್ವರ ಅಲ್ಲ. ವಾಂತಿ, ಭೇದಿ. ಮಧ್ಯಾಹ್ನ ಊಟದ ಹೊತ್ತಿಗೆ ಶುರುವಾಯಿತು. ಅಪ್ಪ ಶಿವಮೊಗ್ಗಕ್ಕೆ ಹೋಗಿದ್ದರು. ಮನೆಯಲ್ಲಿ ನಾನು, ಅಜ್ಜಿ, ನೀನು. ಮಳೆ ಹೊಡೆಯುತ್ತಲೇ ಇತ್ತು.

ಜೀರಿಗೆ ಹುರಿದು ಕಷಾಯ ಮಾಡಿದೆ. ಅರ್ಧ ಗಂಟೆಗೆ ನೀನು ಕಕ್ಕಿದೆ. ಶುಂಠಿ ರಸಕ್ಕೆ ಜೇನು ಕಲಸಿ ನೆಕ್ಕಿಸಿದೆ. ಅದೂ ಹೊರಗೆ ಬಂತು. ರಾತ್ರಿ ನೀನು ನೀರು ಕೇಳಿದೆ. ಕೊಟ್ಟೆ. ಕುಡಿದ ಹಾಗೆಯೇ ಕಕ್ಕಿದೆ. ಆಗ ಅಜ್ಜಿ "ನೀರು ಕೊಡಬೇಡ, ಹೊಟ್ಟೆಗೆ ವಿಶ್ರಾಂತಿ ಬೇಕು, ಕುಡಿದಷ್ಟೂ ವಾಂತಿ ಆಗತ್ತೆ" ಅಂದರು. ಅಜ್ಜಿಯ ಮೇಲೆ ಹೊರಿಸಲು ಇದನ್ನು ಬರೆಯುತ್ತಿಲ್ಲ. ಅವರಿಗೆ ಅವರ ಅಮ್ಮ ಹೇಳಿಕೊಟ್ಟದ್ದು ಅದು. ಬಿ.ಎ. ಓದಿದ ನನಗೂ ಅದು ಸರಿ ಅನ್ನಿಸಿತು. ಕೊಟ್ಟರೆ ವಾಂತಿ, ಕೊಡದಿದ್ದರೆ ಇಲ್ಲ. ಕಣ್ಣಿಗೆ ಕಾಣುವ ಲೆಕ್ಕ.

ಬೆಳಗಿನವರೆಗೂ ನೀನು ನೀರು ಕೇಳಿದೆ. ನಾನು ಕೊಡಲಿಲ್ಲ.

ವಾಂತಿ ನಿಂತಿತು. ಮದ್ದು ಹಿಡಿಯಿತು ಅಂತ ನಾನು ಖುಷಿಪಟ್ಟೆ. ಒಳಗೆ ಕಕ್ಕಲು ಏನೂ ಇರಲಿಲ್ಲ ಅನ್ನುವುದು ಹೊಳೆಯಲಿಲ್ಲ. ಬೆಳಿಗ್ಗೆ ಹನ್ನೊಂದು ಗಂಟೆ ಇರಬಹುದು, ನಾನು ಒಲೆ ಮುಂದೆ ಇದ್ದೆ. ಜಗಲಿಗೆ ಬಂದು ನೋಡಿದರೆ ನೀನು ತುದಿಯಲ್ಲಿ ಕೂತು ಸೂರಿನಿಂದ ಬೀಳುವ ನೀರಿಗೆ ಕೈ ಒಡ್ಡಿದ್ದೆ. ಪುಟ್ಟ ಬೊಗಸೆ. ಬೆರಳ ಸಂದಿಯಲ್ಲಿ ಎಲ್ಲ ಸೋರಿಹೋಗುತ್ತಿತ್ತು. ಅಂಗೈಯನ್ನು ನೆಕ್ಕುತ್ತಿದ್ದೆ. ನಾನು ಓಡಿ ಬಂದು ಆ ಕೈಗೆ ಹೊಡೆದೆ. ನೀನು ಅತ್ತೆ. ಕಣ್ಣಲ್ಲಿ ನೀರು ಬರಲಿಲ್ಲ.

ಇಡೀ ಊರಿಗೆ ಮಳೆ ಸುರಿಯುತ್ತಿತ್ತು ಪುಟ್ಟಿ. ತುಂಗೆ ತುಂಬಿ ಹರಿಯುತ್ತಿದ್ದಳು. ಅಂಗಳದಲ್ಲಿ ಮೊಣಕಾಲುದ್ದ ನೀರು. ನನ್ನ ಮಗುವಿಗೆ ಮಾತ್ರ ಒಂದು ಚಮಚ ನೀರಿಲ್ಲ.

ಸಂಜೆಗೆ ನೀನು ಕರೆದರೂ ಓ ಅನ್ನಲಿಲ್ಲ. ಪಕ್ಕದ ಮನೆಯವರ ಜೀಪಿನಲ್ಲಿ ಕರೆದುಕೊಂಡು ಹೋದೆವು. ಹದಿನಾಲ್ಕು ಕಿಲೋಮೀಟರಿಗೆ ಒಂದೂವರೆ ಗಂಟೆ ಹಿಡಿಯಿತು. ಅಲ್ಲಿದ್ದ ಸಣ್ಣ ವಯಸ್ಸಿನ ಡಾಕ್ಟರು ನಿನ್ನ ಹೊಟ್ಟೆಯ ಚರ್ಮವನ್ನು ಎರಡು ಬೆರಳಲ್ಲಿ ಎತ್ತಿ ಬಿಟ್ಟರು. ಅದು ತಕ್ಷಣ ಕೆಳಗಿಳಿಯಲಿಲ್ಲ. ಬಟ್ಟೆ ಮಡಿಕೆಯ ಹಾಗೆ ನಿಂತಿತು. "ಮೂತ್ರ ಯಾವಾಗ ಹೋಯ್ತಮ್ಮಾ?" ಅಂದರು. ನನಗೆ ಗೊತ್ತಿರಲಿಲ್ಲ. ನಿನ್ನ ಒಂದೊಂದು ಹಲ್ಲು ಯಾವ ತಾರೀಕಿಗೆ ಬಂತು ಅಂತ ಬರೆದಿಟ್ಟವಳಿಗೆ ಅದು ಗೊತ್ತಿರಲಿಲ್ಲ.

ರಾತ್ರಿಯೆಲ್ಲ ಗ್ಲೂಕೋಸ್ ಹಾಕಿದರು. ಬೆಳಿಗ್ಗೆ ಒಬ್ಬ ನರ್ಸಮ್ಮ ಲೋಟದ ನೀರಿಗೆ ಓಆರ್‌ಎಸ್, ಅಂದರೆ ಉಪ್ಪು ಗ್ಲೂಕೋಸಿನ ಪುಡಿ, ಕಲಸಿ ನನ್ನ ಕೈಗೆ ಚಮಚ ಕೊಟ್ಟರು. ಒಂದೆರಡು ನಿಮಿಷಕ್ಕೆ ಒಂದು ಚಮಚ. ಕಕ್ಕಿದರೆ ಹತ್ತು ನಿಮಿಷ ಬಿಟ್ಟು ಮತ್ತೆ ಒಂದು ಚಮಚ. ಅಷ್ಟೇ. ವಾಂತಿ ಆಗುವವರಿಗೂ ನೀರು ಕೊಡಬಹುದು, ಕೊಡಲೇಬೇಕು, ಚಮಚದ ಲೆಕ್ಕದಲ್ಲಿ ಕೊಡಬೇಕು ಅಂತ ನಾನು ಕಲಿತದ್ದು ಹಾಗೆ.

ಅವತ್ತಿನಿಂದ ವಾಂತಿ ಅನ್ನುವ ಅಕ್ಷರ ಎಲ್ಲಿ ಕಂಡರೂ ಓದುತ್ತೇನೆ. ಪೇಪರಿನ ತುಂಡುಗಳನ್ನು ಬಿಸ್ಕತ್ ಡಬ್ಬಿಯಲ್ಲಿ ಇಟ್ಟಿದ್ದೇನೆ. ಅದರಲ್ಲಿ ಡಾಕ್ಟರ್ ದಿಲೀಪ್ ಮಹಲನಬಿಸ್ ಅವರ ಬಗ್ಗೆ ಬಂದದ್ದೂ ಇದೆ. ಅವರು 2022ರ ಅಕ್ಟೋಬರಿನಲ್ಲಿ ತೀರಿಕೊಂಡಾಗ ಬಂದದ್ದು. 1971ರಲ್ಲಿ ಬಾಂಗ್ಲಾ ಯುದ್ಧದ ಹೊತ್ತಿಗೆ, ಬಂಗಾಳದ ಬೊಂಗಾವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಬಂದಿತ್ತು. ಡ್ರಿಪ್ ಬಾಟಲಿ ಸಾಲಲಿಲ್ಲ. ಅವರು ಉಪ್ಪು, ಗ್ಲೂಕೋಸ್, ಅಡುಗೆ ಸೋಡಾ ಮೂರನ್ನೂ ನೀರಿಗೆ ಕಲಸಿ ಡ್ರಮ್ಮಿನಲ್ಲಿಟ್ಟು ಕುಡಿಸಲು ಕೊಟ್ಟರು. ಕುಡಿಸಿದವರು ಮನೆಯವರೇ. ನೂರಕ್ಕೆ ಮೂವತ್ತರ ಹತ್ತಿರ ಇದ್ದ ಸಾವು ಸುಮಾರು ಮೂರಕ್ಕೆ ಇಳಿಯಿತಂತೆ. ನೀನು ಜಗಲಿಯಲ್ಲಿ ಕೈ ಒಡ್ಡುವುದಕ್ಕಿಂತ ಮೂವತ್ತು ವರ್ಷ ಮೊದಲು! ನಮ್ಮ ಅಡುಗೆಮನೆಯಲ್ಲಿ ಉಪ್ಪೂ ಇತ್ತು, ಸಕ್ಕರೆಯೂ ಇತ್ತು. ಅದನ್ನು ಓದಿದ ದಿನ ಊಟ ಸೇರಲಿಲ್ಲ. ಅಪ್ಪ ಏನಾಯ್ತು ಅಂತ ಕೇಳಿದರು. ಹೇಳಲಿಲ್ಲ.

ಈಗ ಹೇಳು, ನೀನು "ಐದು ಸಲ ವಾಂತಿ" ಅಂದಾಗ ನನಗೆ ಕಂಡದ್ದು ಯಾರು?

ನಾಲ್ಕು ವರ್ಷದ ಮಗುವಿನ ಭೇದಿಯೂ ಬಸುರಿಯ ವಾಂತಿಯೂ ಒಂದೇ ಅಲ್ಲ ಅಂತ ನನಗೂ ಗೊತ್ತು. ಬಸುರಿಯರಲ್ಲಿ ಹೆಚ್ಚಿನವರಿಗೆ ಹೊಟ್ಟೆ ತೊಳಸುತ್ತದೆ. ಆರನೇ ವಾರದ ಸುಮಾರಿಗೆ ಶುರುವಾಗಿ, ಒಂಬತ್ತರ ಹೊತ್ತಿಗೆ ಜೋರಾಗಿ, ನಾಲ್ಕನೇ ತಿಂಗಳಿಗೆ ಹೆಚ್ಚಿನವರಿಗೆ ಇಳಿಯುತ್ತದೆ. ನಿನಗೆ ಇನ್ನೊಂದೆರಡು ವಾರ ಕಷ್ಟ ಇರಬಹುದು. ಇದು ನಿನ್ನ ಮನಸ್ಸು ಗಟ್ಟಿ ಇಲ್ಲದ್ದಕ್ಕೆ ಬಂದದ್ದಲ್ಲ. ಆಫೀಸಿನಲ್ಲಿ ಯಾರೋ ಹಾಗೆ ಅಂದರು ಅಂದೆಯಲ್ಲ, ಅವರ ಮಾತು ಕೇಳಬೇಡ. 2023ರ ಡಿಸೆಂಬರಿನಲ್ಲಿ ಒಂದು ಸಂಶೋಧನೆ ಬಂದಿತ್ತು. ಮಗುವಿನ ಕಡೆಯಿಂದ, ಅಂದರೆ ಮಾಸಿನಿಂದ, ತಾಯಿಯ ರಕ್ತಕ್ಕೆ ಜಿಡಿಎಫ್15 ಅನ್ನುವ ಹಾರ್ಮೋನು ಸೇರುತ್ತದೆ. ಬಸುರಿಯಾಗುವ ಮೊದಲು ಯಾರ ಮೈಯಲ್ಲಿ ಅದು ಕಡಿಮೆ ಇರುತ್ತದೋ ಅವರಿಗೆ ಸಂಕಟ ಜಾಸ್ತಿ. ಮೈಗೆ ಅಭ್ಯಾಸ ಇಲ್ಲ, ಅಷ್ಟೇ.

ನೀನು ಕೇಳಿದ್ದಕ್ಕೆ ಬರುತ್ತೇನೆ. ಬೆಳಿಗ್ಗೆ ಏಳುವ ಮೊದಲೇ, ಮಲಗಿದಲ್ಲೇ, ಒಂದು ಹಿಡಿ ಮಂಡಕ್ಕಿ ತಿನ್ನು. ಡಬ್ಬಿ ದಿಂಬಿನ ಪಕ್ಕ ಇರಲಿ. ತಿಂದು ಹದಿನೈದು ನಿಮಿಷ ಬಿಟ್ಟು ನಿಧಾನ ಏಳು. ಹೊಟ್ಟೆ ಖಾಲಿ ಬಿಟ್ಟರೆ ಸಂಕಟ ಹೆಚ್ಚುತ್ತದೆ, ಎರಡು ಗಂಟೆಗೊಮ್ಮೆ ನಾಲ್ಕು ತುತ್ತು ಏನಾದರೂ ಹೋಗಲಿ. ಬಿಸಿ ಅನ್ನದ ವಾಸನೆ ಆಗದಿದ್ದರೆ ಆರಿದ ಗಂಜಿ, ಮೊಸರನ್ನ, ಶುಂಠಿ ತಂಬುಳಿ. ತಣ್ಣಗಿದ್ದರೆ ವಾಸನೆ ಏಳುವುದಿಲ್ಲ. ಒಗ್ಗರಣೆ ಕೆಲಸ ಅಳಿಯಂದಿರು ಮಾಡಲಿ. ಅವರಿಗೆ ನಾನೇ ಹೇಳುತ್ತೇನೆ.

ಇಷ್ಟರಲ್ಲಿ ನಿಜವಾಗಿ ಪರೀಕ್ಷೆ ಮಾಡಿ ನೋಡಿರುವುದು ಶುಂಠಿಯನ್ನು. ಅದು ವಾಕರಿಕೆ ತಗ್ಗಿಸುತ್ತದೆ, ಆದರೆ ವಾಂತಿಯನ್ನೇ ನಿಲ್ಲಿಸುತ್ತದೆ ಅಂತ ನಂಬಬೇಡ. ಒಣಶುಂಠಿ ಪುಡಿಯಾದರೆ ಇಡೀ ದಿನಕ್ಕೆ ಒಂದು ಗ್ರಾಂ, ಅಂದರೆ ಸುಮಾರು ಅರ್ಧ ಟೀ ಚಮಚ. ಅದನ್ನೇ ಮೂರು ನಾಲ್ಕು ಸಲ ಮಾಡಿ ಬಿಸಿನೀರಿಗೆ ಹಾಕಿ ಕುಡಿ. ಒಳ್ಳೆಯದು ಅಂತ ಜಾಸ್ತಿ ಹಾಕಬೇಡ, ಎದೆ ಉರಿಯುತ್ತದೆ. ನಿನ್ನ ಡಾಕ್ಟರಿಗೂ ಒಂದು ಮಾತು ಹೇಳಿರು.

ಭತ್ತದ ಅರಳಿನ ನೀರು ಅಜ್ಜಿಯದೇ ಮದ್ದು, ಅದನ್ನು ನಾನು ಇವತ್ತಿಗೂ ಬಿಟ್ಟಿಲ್ಲ. ಒಂದು ಹಿಡಿ ಅರಳಿಗೆ ಎರಡು ಲೋಟ ಬಿಸಿನೀರು ಹಾಕಿ ಮುಚ್ಚಿಡು, ಆರಿದ ಮೇಲೆ ಸೋಸಿ, ಚಿಟಿಕೆ ಉಪ್ಪು, ಚೂರು ಸಕ್ಕರೆ. ಅಜ್ಜಿಗೆ ಅರಳಿನ ಗುಣ ಗೊತ್ತಿತ್ತು. ನೀರಿನ ಗುಣವನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಜೀರಿಗೆ ಕಷಾಯಕ್ಕೆ ಈಗ ಹಾಲು ಹಾಕಬೇಡ. ಒಣ ನೆಲ್ಲಿಕಾಯಿ ಬಾಯಲ್ಲಿಟ್ಟುಕೋ. ಅಪ್ಪೆಮಿಡಿ ಕಳಿಸುತ್ತಿದ್ದೇನೆ, ಖಾಲಿ ಹೊಟ್ಟೆಗೆ ಮಾತ್ರ ಬೇಡ. ಮಣಿಕಟ್ಟಿನ ಗೆರೆಯಿಂದ ಮೊಣಕೈ ಕಡೆಗೆ ಮೂರು ಬೆರಳು ಬಿಟ್ಟು, ಒಳಭಾಗದಲ್ಲಿ ನಡುವೆ ಒತ್ತಿದರೆ ಕೆಲವರಿಗೆ ಹಿತ ಅನ್ನಿಸುತ್ತದೆ. ಖರ್ಚಿಲ್ಲದ್ದು, ಮಾಡಿ ನೋಡು.

ಇನ್ನು ಮಾತ್ರೆ. ನಿನ್ನ ಅತ್ತೆಯವರು ಮಾತ್ರೆ ಬೇಡವೇ ಬೇಡ ಅನ್ನುತ್ತಾರೆ ಅಂದೆ. ಅವರ ಮೇಲೆ ಬೇಜಾರು ಮಾಡಿಕೊಳ್ಳಬೇಡ. ಆ ಹೆದರಿಕೆಗೆ ಕಾರಣ ಇದೆ. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಥಾಲಿಡೊಮೈಡ್ ಅನ್ನುವ ಮಾತ್ರೆ ಬಂತು. ಬಸುರಿಯರ ವಾಂತಿಗೂ ಅದನ್ನು ಕೊಟ್ಟರು. 1961ರ ಕೊನೆಯಲ್ಲಿ ಅಲ್ಲಿ ಹಿಂತೆಗೆದುಕೊಳ್ಳುವ ಹೊತ್ತಿಗೆ ಅನೇಕ ದೇಶಗಳಲ್ಲಿ ಹತ್ತು ಸಾವಿರದಷ್ಟು ಮಕ್ಕಳು ಕೈಕಾಲು ಬೆಳೆಯದೆ ಹುಟ್ಟಿದ್ದರು. ಆಮೇಲೆ ಬಸುರಿಯರ ಔಷಧಿಯ ಬಗ್ಗೆ ಎಲ್ಲ ಕಡೆ ಕಟ್ಟುನಿಟ್ಟು ಬಂತು. ಈಗ ಡಾಕ್ಟರು ಮೊದಲು ಬರೆಯುವುದು ಬಿ6 ವಿಟಮಿನ್, ಅಥವಾ ಅದರ ಜೊತೆ ಡಾಕ್ಸಿಲಮಿನ್. ತುಂಬಾ ವರ್ಷದಿಂದ ಬಳಸಿ ನೋಡಿದ ಮಾತ್ರೆ ಅದು. ನಿದ್ದೆ ಬರುತ್ತದೆ, ಅದಕ್ಕೆ ರಾತ್ರಿ ಕೊಡುತ್ತಾರೆ. ಅಂಗಡಿಯಲ್ಲಿ ನೀನೇ ಕೇಳಿ ತಗೊಳ್ಳಬೇಡ. ಡಾಕ್ಟರು ಬರೆದುಕೊಟ್ಟರೆ ಹೆದರಿ ಡಬ್ಬಿಯಲ್ಲಿ ಬಚ್ಚಿಡಲೂ ಬೇಡ. ಮದ್ದು ಸಾಲದೆ ಮಾತ್ರೆ ತಗೊಂಡರೆ ಅಮ್ಮನ ಮಾತಿಗೆ ಅವಮಾನ ಅಂತ ಎಂದೂ ಅಂದುಕೊಳ್ಳಬೇಡ.

ನೋಡು, ಮತ್ತೆ ಪಾಠ ಮಾಡುತ್ತಿದ್ದೇನೆ. ಕೈ ನಿಲ್ಲುತ್ತಿಲ್ಲ. ಆದರೂ ಇದೊಂದನ್ನು ಅಳಿಯಂದಿರಿಗೂ ಓದಿ ಹೇಳು. ಎಂಟು ಗಂಟೆ ಮೂತ್ರ ಹೋಗದಿದ್ದರೆ, ಹೋದರೂ ಗಾಢ ಬಣ್ಣ ಇದ್ದರೆ, ಒಂದು ಹಗಲು ಒಂದು ರಾತ್ರಿ ಏನೂ ಒಳಗೆ ನಿಲ್ಲದಿದ್ದರೆ, ಎದ್ದು ನಿಂತರೆ ಕಣ್ಣು ಕತ್ತಲೆ ಬಂದರೆ, ವಾಂತಿಯಲ್ಲಿ ರಕ್ತ ಕಂಡರೆ, ಹೊಟ್ಟೆನೋವು ಜ್ವರ ಬಂದರೆ, ಮದ್ದು ಹುಡುಕುತ್ತಾ ಕೂರಬೇಡಿ. ಹೊರಡಿ. ನಿನ್ನ ತೂಕ 54 ಕೆ.ಜಿ. ಇತ್ತಲ್ಲ. ಅದರಲ್ಲಿ ಎರಡೂವರೆ ಕೆ.ಜಿ. ಮೇಲೆ ಇಳಿದರೆ ಅದು ಬರೀ ಬಸುರಿ ವಾಂತಿ ಅಲ್ಲ. ವಾರಕ್ಕೊಮ್ಮೆ ತೂಕ ನೋಡಿಕೋ. ಮನೆಯಲ್ಲಿ ಓಆರ್‌ಎಸ್ ಪುಡಿಯ ಪ್ಯಾಕೆಟ್ ಇರಲಿ. ಸಿಹಿ ಜ್ಯೂಸಿನ ಡಬ್ಬಿ ಅಲ್ಲ, ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಅಂತ ಬರೆದಿರುವ ಪುಡಿ. ಒಂದು ಲೀಟರಿನದಾದರೆ ಪೂರ್ತಿ ಒಂದು ಲೀಟರಿಗೆ ಕಲಸು. ಸಿಗದಿದ್ದರೆ ಒಂದು ಲೀಟರ್ ನೀರಿಗೆ ಆರು ಮಟ್ಟಸ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಗುಟುಕು ಗುಟುಕಾಗಿ ಕುಡಿ.

ನಿನಗೆ ಇದನ್ನೆಲ್ಲ ಇಷ್ಟು ವರ್ಷ ಹೇಳದೆ ಇದ್ದದ್ದು ನೀನು ನನ್ನನ್ನು ಬೇರೆ ಥರ ನೋಡುತ್ತೀಯೇನೋ ಅಂತ. ನೀನು ಲಿಂಬೆ ಶರಬತ್ತು ಮಾಡಿದಾಗಲೆಲ್ಲ ಮೊದಲ ಲೋಟ ನನಗೆ ತಂದುಕೊಡುತ್ತಿದ್ದೆ. ಆ ಲೋಟ ಹಿಡಿದುಕೊಂಡು ನಾನು ಸುಮ್ನೆ ನಿಲ್ಲುತ್ತಿದ್ದದ್ದನ್ನು ನೀನು ಎಷ್ಟೋ ಸಲ ಕೇಳಿದ್ದೀಯ, "ಯಾಕಮ್ಮಾ, ಹುಳಿ ಆಯ್ತಾ?" ಅಂತ. ಹುಳಿ ಆಗಿರಲಿಲ್ಲ ಪುಟ್ಟಿ.

ನೀನು ಇಷ್ಟು ದೂರ ಹೋಗಿ, ನಿನ್ನ ಕೆಲಸ ನೀನೇ ಹುಡುಕಿಕೊಂಡು, ಮನೆ ಕಟ್ಟಿಕೊಂಡು, ಈಗ ತಾಯಿಯಾಗುತ್ತಿದ್ದೀಯ. ಊರಲ್ಲಿ ಯಾರಿಗೂ ಹೇಳಿಲ್ಲ, ಮೂರು ತಿಂಗಳು ತುಂಬಲಿ. ಆದರೆ ದೇವರ ಮುಂದೆ ದೀಪ ಹಚ್ಚುವಾಗ ಮುಖ ತಾನಾಗಿ ಅರಳುತ್ತದೆ. ಅಪ್ಪನೂ ಅದನ್ನೇ ಅಂದರು.

ನಾಳೆ ಅವರು ಪಾರ್ಸೆಲ್ ಹಾಕುತ್ತಾರೆ. ಮಂಡಕ್ಕಿ, ಅರಳು, ಒಣಶುಂಠಿ, ನೆಲ್ಲಿ, ಅಪ್ಪೆಮಿಡಿ, ಮುರುಗಲು ಸಿಪ್ಪೆ. ಬರಲು ಮೂರ್ನಾಲ್ಕು ದಿನ ಬೇಕು. ನಾನು ಬರಲಾ ಅಂತ ಕೇಳಬೇಕು ಅನ್ನಿಸುತ್ತಿದೆ. ನೀನು ಹೂಂ ಅಂದರೆ ಬುಧವಾರದ ಬಸ್ಸಿಗೆ ಕೂರುತ್ತೇನೆ. ಬೇಡ ಅಂದರೂ ಬೇಜಾರಿಲ್ಲ. ಬೈಯುವುದಕ್ಕಾದರೂ ಸರಿ, ಒಂದು ಫೋನ್ ಮಾಡು.

ನಿನ್ನ
ಅಮ್ಮ

ಮರೆತಿದ್ದೆ. ಮುರುಗಲು ಸಿಪ್ಪೆ ಒಂದು ಲೋಟಕ್ಕೆ ಮೂರು ಸಾಕು. ರಾತ್ರಿಯೇ ನೆನೆಹಾಕು, ಬೆಳಿಗ್ಗೆ ಕಿವುಚಿ ಸೋಸಿ ಬೆಲ್ಲ ಹಾಕು. ಅದರಲ್ಲಿ ಉಪ್ಪು ಹಚ್ಚಿ ಒಣಗಿಸಿದ್ದೂ ಇದೆ, ಬಿಳಿ ಬಟ್ಟೆಯಲ್ಲಿ ಕಟ್ಟಿದ್ದು. ಅದು ಸಾರಿಗೆ.