ಬುಧವಾರದವರೆಗೆ ಎಂದು ಬರೆದಿದ್ದೆಯಲ್ಲ

ಕಲಬುರಗಿ
ಭಾನುವಾರ

ಚಿ. ಶರಣುವಿಗೆ ನಿನ್ನ ಕಾಕಾ ಮಾಡುವ ಆಶೀರ್ವಾದಗಳು.

ನಿನ್ನ ಕಾಗದ ಬಂದು ಎಂಟು ದಿನವಾಯಿತು. ಮೂರು ಸಲ ಉತ್ತರ ಬರೆಯಲು ಕುಳಿತು ಮೂರು ಸಲವೂ ಎದ್ದೆ. ಹೊಲದ ಪಾಲು, ನಿಮ್ಮಪ್ಪನ ಮೊಣಕಾಲು, ನಿನಗೆ ನೋಡುತ್ತಿರುವ ಹೆಣ್ಣು, ಇವೆಲ್ಲ ನಿಮ್ಮವ್ವ ದಿನವೂ ವಿಡಿಯೋದಲ್ಲಿ ಹೇಳುವ ಸುದ್ದಿ. ಅದನ್ನೇ ನಾನೂ ಬರೆದು ಕಾಗದ ತುಂಬಿಸುವುದಿಲ್ಲ. ಬಿಸಿಲಿನ ವಿಷಯವೂ ಬೇಡ. ನಿನ್ನ ಕೊನೆಯ ಪುಟದಲ್ಲಿ ಒಂದು ಮಾತು ಇದೆಯಲ್ಲ, ಅದರ ಸಲುವಾಗಿ ಬರೆಯುತ್ತಿದ್ದೇನೆ.

ನಾಲ್ಕು ಪುಟ ರೇಸು ಮತ್ತು ಬ್ಯಾಂಡಿನ ಸಂಭ್ರಮ. ಅದೆಲ್ಲ ಮುಗಿದ ಮೇಲೆ, ಸಹಿ ಹಾಕುವ ಮೊದಲು, ಹೋಗುಹೋಗುತ್ತ ಹೇಳಿದ ಹಾಗೆ ಬರೆದಿದ್ದೀಯ: "ಶನಿವಾರ ಮುಗಿದರೂ ಕಿವಿಯೊಳಗಿನ ಸೀಟಿ ನಿಲ್ಲುವುದಿಲ್ಲ ಕಾಕಾ, ಬುಧವಾರದವರೆಗೆ ಇರುತ್ತದೆ. ಒಂದು ವಾರ ಹೋಗದೇ ಉಳಿದುಬಿಟ್ಟರೆ ಎಂದು ಒಮ್ಮೊಮ್ಮೆ ರಾತ್ರಿ ಹೆದರಿಕೆಯಾಗುತ್ತದೆ. ಅವ್ವನಿಗೆ ಹೇಳಬೇಡಿ."

ಹೇಳಿಲ್ಲ. ಆದರೆ ದೀಪಾವಳಿಯ ಹೊತ್ತಿಗೆ ನೀನು ಬರೆದ ಕಾಗದ ಟ್ರಂಕಿನಲ್ಲಿತ್ತು, ತೆಗೆದು ನೋಡಿದೆ. ಅದರಲ್ಲೂ ಈ ಸೀಟಿಯ ಮಾತಿದೆ. ಅಲ್ಲಿ "ಭಾನುವಾರ ಸಂಜೆಗೆ ಹೋಗುತ್ತದೆ" ಎಂದಿದೆ. ಭಾನುವಾರ ಸಂಜೆ ಸರಿಯುತ್ತ ಸರಿಯುತ್ತ ಬುಧವಾರಕ್ಕೆ ಬಂದದ್ದು ನಿನಗೆ ಗೊತ್ತಾಗಿದೆಯೋ ಇಲ್ಲವೋ. ಎರಡೂ ಕಾಗದಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಬಹಳ ಹೊತ್ತು ಕುಳಿತಿದ್ದೆ. ಚಿಗವ್ವ ಯಾರ ಸಾವಿನ ಸುದ್ದಿ ಎಂದು ಕೇಳಿದಳು.

ನಾನು ರೇಸಿಗೆ ವಿರೋಧಿಯಲ್ಲ. ಹೊರಟಲ್ಲಿಗೇ ಬಂದು ನಿಲ್ಲಲು ಇಷ್ಟು ಪೆಟ್ರೋಲ್ ಏಕೆ ಎನ್ನುವುದು ನಿಮ್ಮಪ್ಪನ ತಕರಾರು, ನನ್ನದಲ್ಲ. ಇಂಗ್ಲೆಂಡಿನ ಸಿಲ್ವರ್‌ಸ್ಟೋನ್ ಕಾರ್ ರೇಸಿನ ಹಾದಿಯ ಬಗ್ಗೆ ನೀನು ಬರೆದದ್ದನ್ನು ಎರಡು ಸಲ ಓದಿದೆ. 5.891 ಕಿಲೋಮೀಟರಿನ ಒಂದು ಸುತ್ತು, ಅಂಥವು 52. ಸುಮಾರು 306 ಕಿಲೋಮೀಟರ್ ಆಯಿತು. ಅವರು ಇಲ್ಲಿಂದ ಹೊರಟಿದ್ದರೆ ಒಂದೂವರೆ ತಾಸಿನಲ್ಲಿ ಹೈದರಾಬಾದ್ ದಾಟಿರುತ್ತಿದ್ದರು, ನಮ್ಮ ಬಸ್ಸು ಹುಮನಾಬಾದಿನಲ್ಲಿ ಚಹಾಕ್ಕೆ ನಿಂತಿರುತ್ತಿತ್ತು. ಯುದ್ಧಕಾಲದ ವಿಮಾನ ನೆಲೆಯ ಸುತ್ತಿನ ರಸ್ತೆಯೇ ರೇಸಿನ ಹಾದಿಯಾಯಿತು, 1950ರ ಮೇ 13ರಂದು ಫಾರ್ಮುಲಾ ಒನ್ ವಿಶ್ವ ಚಾಂಪಿಯನ್‌ಶಿಪ್‌ನ ಮೊಟ್ಟಮೊದಲ ಓಟ ಅಲ್ಲೇ ನಡೆಯಿತು ಎಂಬುದನ್ನು ಓದಿ ಸಂತೋಷವಾಯಿತು. ವಿಮಾನದ ಮಾತು ಬಂದಾಗ ಬೀದರ್ ನೆನಪಾಯಿತು. ಅದನ್ನು ಆಮೇಲೆ ಬರೆಯುತ್ತೇನೆ, ಬರೆಯುವ ಧೈರ್ಯ ಬಂದರೆ.

ನನ್ನನ್ನು ತಡೆದು ನಿಲ್ಲಿಸಿದ್ದು ಹಳೆಯ ಕಾರುಗಳ ದಿನದ ವರ್ಣನೆ. 2014ರಲ್ಲಿ 2.4 ಲೀಟರಿನ ಎಂಟು ಸಿಲಿಂಡರ್ ಇಂಜಿನ್ ಹೋಗಿ 1.6 ಲೀಟರಿನ ಆರು ಸಿಲಿಂಡರಿನ ಟರ್ಬೊ ಹೈಬ್ರಿಡ್ ಬಂದಾಗ ಸದ್ದು ಕಡಿಮೆಯಾಯಿತೆಂದು ಜನ ಸಿಟ್ಟಾದರು, ಆ ಹಳೆಯ ಸದ್ದಿಗಾಗಿಯೇ ನೀವು ಹಳೆಯ ಕಾರುಗಳ ಓಟಕ್ಕೆ ಹೋಗಿ ಬೇಲಿಯ ಪಕ್ಕದಲ್ಲೇ ನಿಲ್ಲುತ್ತೀರಿ ಎಂದಿದ್ದೀಯ. ಸದ್ದು ಸಾಲದೆಂದು ಸಿಟ್ಟಾಗುವವರೂ ಇದ್ದಾರೆಯೇ ಎಂದು ನಕ್ಕೆ. ಆಮೇಲೆ ನಗು ನಿಂತಿತು. ಕಾರ್ಖಾನೆಯಲ್ಲಿ ಬಾಲ್ ಮಿಲ್ ದುರಸ್ತಿಗೆ ನಿಂತ ದಿನ ನಮಗೂ ಹಾಗೇ ಆಗುತ್ತಿತ್ತು. ಎದೆಯೊಳಗೆ ಏನೋ ಖಾಲಿಯಾದ ಹಾಗೆ. ರಾತ್ರಿ ಪಾಳಿಯಲ್ಲಿ ಅದರ ಪಕ್ಕದ ಬೆಂಚಿನ ಮೇಲೆ ನಾನು ನಿದ್ದೆ ಮಾಡಿದ್ದೇನೆ. ಮಿಲ್ ನಿಂತರೆ ಎಚ್ಚರವಾಗುತ್ತಿತ್ತು!

ಬಾಲ್ ಮಿಲ್ ನೀನು ನೋಡಿಲ್ಲ. ಉದ್ದನೆಯ ಕಬ್ಬಿಣದ ಪೀಪಾಯಿ, ಒಳಗೆ ಉಕ್ಕಿನ ಗುಂಡುಗಳು, ಪೀಪಾಯಿ ತಿರುಗಿದಂತೆ ಗುಂಡುಗಳು ಮೇಲೇರಿ ಕ್ಲಿಂಕರ್ ಎಂಬ ಸುಟ್ಟ ಕಲ್ಲುಂಡೆಗಳ ಮೇಲೆ ಬೀಳುತ್ತವೆ, ಅದು ಪುಡಿಯಾಗಿ ಸಿಮೆಂಟ್ ಆಗುತ್ತದೆ. ಇದು ಎಂಟು ತಾಸು. ಮಾತು ಕೇಳಿಸದು, ಎಲ್ಲವೂ ಕೈಸನ್ನೆ. ಬೀಡಿ ಇದೆಯೇ ಎಂಬುದಕ್ಕೆ ಒಂದು ಸನ್ನೆ, ಸೂಪರ್‌ವೈಸರ್ ಬಂದ ಎಂಬುದಕ್ಕೆ ಇನ್ನೊಂದು. ಕಿವಿಗೆ ಹಾಕಿಕೊಳ್ಳುವ ಮಫ್ ಕೊಟ್ಟಿದ್ದರು, ಕೊಡಲಿಲ್ಲವೆಂದು ಸುಳ್ಳು ಹೇಳಲಾರೆ. ಬೇಸಿಗೆಯಲ್ಲಿ ಅದನ್ನು ಹಾಕಿಕೊಂಡರೆ ಬೆವರು ಹರಿದು ಕಿವಿಯ ಸುತ್ತ ತುರಿಕೆ. ಕುತ್ತಿಗೆಗೆ ಇಳಿಸಿಕೊಂಡಿರುತ್ತಿದ್ದೆ. ಇಪ್ಪತ್ತನಾಲ್ಕು ವರ್ಷ ಅದು ನನ್ನ ಕುತ್ತಿಗೆಯನ್ನು ಕಾಪಾಡಿತು.

ಇದನ್ನು ಏಕೆ ಬರೆದೆ ಎಂದರೆ, ನಿನ್ನ ರೇಸಿನ ಫೋಟೋವನ್ನು ಮೊಬೈಲಿನಲ್ಲಿ ದೊಡ್ಡದು ಮಾಡಿ ನೋಡಿದೆ. ಕೆಂಪು ಮಫ್ ಇದೆ, ಕುತ್ತಿಗೆಯಲ್ಲಿದೆ. ಬ್ಯಾಂಡಿನ ಫೋಟೋವನ್ನೂ ಹಾಗೆಯೇ ನೋಡಿದೆ. ಡ್ರಮ್ ಬಾರಿಸುವ ನಿನ್ನ ಗೆಳೆಯನ ಕಿವಿಯೊಳಗೆ ಕಿತ್ತಳೆ ಬಣ್ಣದ ಸ್ಪಂಜಿನ ತುಂಡು ಕಾಣುತ್ತದೆ. ಅವನ ಸಿಂಬಲ್ ತಟ್ಟೆಗೆ ಒಂದು ಮೊಳ ದೂರದಲ್ಲಿ ಗಿಟಾರ್ ಹಿಡಿದು ನಿಂತಿರುವ ನಿನ್ನ ಎಡಗಿವಿಯಲ್ಲಿ ಏನೂ ಇಲ್ಲ. ಬಾರಿಸುವವನು ತನ್ನ ಸದ್ದಿನಿಂದ ತನ್ನನ್ನು ಕಾಪಾಡಿಕೊಂಡಿದ್ದಾನೆ ನೋಡು. ಸೀಟಿ ಎಡಗಿವಿಯಲ್ಲೇ ಹೆಚ್ಚೋ? ನೀನು ಬರೆದಿಲ್ಲ.

ತಬಲಾ ಬಿಟ್ಟದ್ದು ಏಕೆ ಎಂದು ನೀನು ಎರಡು ಸಲ ಕೇಳಿದ್ದೆ, ಎರಡು ಸಲವೂ ಬೆರಳು ನೋವು ಎಂದೆ. ಬೆರಳಿಗೆ ಏನೂ ಆಗಿರಲಿಲ್ಲ. ಶ್ರಾವಣದ ಭಜನೆ, ಗುಡಿಯ ಅಂಗಳ ತುಂಬಿತ್ತು. ಹಾರ್ಮೋನಿಯಂ ಸ್ವರ ಹಿಡಿದು ಕುಳಿತಿದೆ, ನಾನು ಬಲಗೈ ತಬಲಾವನ್ನು ಶ್ರುತಿಗೆ ತರುತ್ತಿದ್ದೇನೆ. ಅಂಚಿನ ಮೇಲೆ 'ನಾ' ನುಡಿಸಿದರೆ ಗಂಟೆಯ ಹಾಗೆ ಮಿನುಗಬೇಕು, ಅದು ಮಿನುಗುತ್ತಿಲ್ಲ, ಮಣ್ಣಿನ ಗಡಿಗೆ ತಟ್ಟಿದ ಹಾಗಿದೆ. ಇನ್ನೂ ಇಳಿದಿದೆ ಎಂದುಕೊಂಡು ಸುತ್ತಿಗೆಯಿಂದ ಬಿಗಿದೆ. ಮತ್ತೆ ನುಡಿಸಿದೆ, ಮತ್ತೆ ಬಿಗಿದೆ. ತಾಳ ಹಾಕುವ ಹುಡುಗ, ಹದಿನೈದು ವರ್ಷದವನು, ನನ್ನ ಮಣಿಕಟ್ಟು ಹಿಡಿದು ಏನೋ ಹೇಳಿದ. ಕೈ ಬಿಡಿಸಿಕೊಂಡು ಇನ್ನೊಂದು ಪೆಟ್ಟು ಕೊಟ್ಟೆ. ತೊಗಲು ಹರಿಯಿತು. ಆ ಸದ್ದು ಮಾತ್ರ ಚೆನ್ನಾಗಿ ಕೇಳಿಸಿತು. ಎಲ್ಲರ ಮುಖ ನೋಡಿದ ಮೇಲೆ ತಿಳಿಯಿತು: ತಬಲಾ ಶ್ರುತಿ ದಾಟಿ ಎಷ್ಟೋ ಮೇಲೆ ಹೋಗಿತ್ತು, ಮಿನುಗುತ್ತಲೂ ಇತ್ತು. ನನ್ನ ಕಿವಿಗೆ ಬರುತ್ತಿರಲಿಲ್ಲ, ಅಷ್ಟೇ.

ಆಗಲೂ ಆಸ್ಪತ್ರೆಗೆ ಹೋಗಲಿಲ್ಲ. ಹೋದದ್ದು ಮೂರು ವರ್ಷದ ನಂತರ, ನಿಮ್ಮ ಚಿಗವ್ವನ ಕಾಟಕ್ಕೆ. ಅವಳು "ಸಾರು ಬಡಿಸಲಾ" ಎಂದಳು, ನನಗೆ "ಆರು ಬಡಿಸಲಾ" ಎಂದು ಕೇಳಿಸಿತು, ಆರು ರೊಟ್ಟಿ ತಿನ್ನಲು ನಾನೇನು ಎತ್ತೇ ಎಂದು ರೇಗಿದೆ. ಮರುದಿನವೇ ಕರೆದುಕೊಂಡು ಹೋದಳು. ಗಾಜಿನ ಕಿಟಕಿಯ ಸಣ್ಣ ಕೋಣೆಯಲ್ಲಿ ಕೂರಿಸಿ, ಸದ್ದು ಕೇಳಿಸಿದಾಗ ಗುಂಡಿ ಒತ್ತಿ ಎಂದರು. ಬಹಳ ಹೊತ್ತು ಏನೂ ಕೇಳಿಸಲಿಲ್ಲ, ಯಂತ್ರ ಕೆಟ್ಟಿದೆ ಎಂದುಕೊಂಡೆ. ಹೊರಗೆ ಬಂದ ಮೇಲೆ ಪರೀಕ್ಷೆ ಮಾಡಿದ ಹುಡುಗಿ ಗೆರೆ ಎಳೆದ ಕಾಗದ ತೋರಿಸಿದಳು. ಯಾವ ಸ್ವರ ಎಷ್ಟು ಕೇಳಿಸುತ್ತದೆ ಎಂಬುದರ ಗೆರೆ ಅದು, ನೆಟ್ಟಗೆ ಹೋಗಿ 4000 ಹರ್ಟ್ಸ್ ಎಂಬ ಏರುಸ್ವರದ ಹತ್ತಿರ ಬಾವಿಗೆ ಬಿದ್ದ ಹಾಗೆ ಬಿದ್ದಿತ್ತು. ಸದ್ದಿನಿಂದ ಕೆಟ್ಟ ಕಿವಿಯ ಗುರುತು ಇದೇ ಎಂದಳು. ಸ, ಶ, ತ ಇಂಥ ಅಕ್ಷರಗಳ ಸದ್ದು ಮೇಲಿನ ಕಂಪನದಲ್ಲಿರುತ್ತದಂತೆ, ಅವು ಮೊದಲು ಹೋಗುತ್ತವೆ, ಆ ಓ ಎಂಬ ಸ್ವರಗಳು ಉಳಿಯುತ್ತವೆ. ಅದಕ್ಕೇ ಜನ ಮಾತನಾಡುವುದು ಕೇಳಿಸುತ್ತದೆ, ಏನು ಎಂಬುದು ತಿಳಿಯುವುದಿಲ್ಲ. ಕಿವಿಯೊಳಗೆ ಕೂದಲಿನಂಥ ಜೀವಕೋಶಗಳು ಸುಮಾರು 15,000 ಇವೆಯಂತೆ. ಗಾಳಿಗೆ ಮಲಗಿದ ಜೋಳ ಎದ್ದ ಹಾಗೆ ಅವೂ ಸದ್ದಿಗೆ ಬಾಗಿ ಎರಡು ದಿನದಲ್ಲಿ ಏಳುತ್ತವೆ. ಏಳುವ ಮೊದಲೇ ಮತ್ತೆ ತುಳಿದರೆ ಒಂದು ದಿನ ಏಳುವುದಿಲ್ಲ. ಹಕ್ಕಿಗಳಿಗೆ ಹೊಸದು ಹುಟ್ಟುತ್ತವೆ, ನಮಗಿಲ್ಲ ಎಂದಳು. ಆ ಮಾತಿಗೆ ಮನೆಗೆ ಬಂದು ಅಂಗಳದ ಗುಬ್ಬಿಗಳ ಮೇಲೆ ಹೊಟ್ಟೆಕಿಚ್ಚು ಪಟ್ಟಿದ್ದೇನೆ.

ಬುಧವಾರದವರೆಗೆ ಎಂದು ಬರೆದಿದ್ದೆಯಲ್ಲ. ನನ್ನ ಸೀಟಿಯೂ ಮೊದಲು ಪಾಳಿ ಮುಗಿದು ಸ್ನಾನ ಮಾಡುವಷ್ಟರಲ್ಲಿ ಹೋಗುತ್ತಿತ್ತು. ಆಮೇಲೆ ಊಟದವರೆಗೆ, ಆಮೇಲೆ ವಾರದ ರಜೆಯ ಸಂಜೆಯವರೆಗೆ. ಎಂದು ಅದು ಹೋಗದೇ ಉಳಿಯಿತು ಎಂದು ಕೇಳಿದರೆ ಹೇಳಲಾರೆ, ಆ ದಿನ ನನಗೆ ಗೊತ್ತೇ ಆಗಲಿಲ್ಲ. ಈಗಲೂ ಬರೆಯುತ್ತಿರುವಾಗ ಜೀರುಂಡೆ ಕೂಗುತ್ತಿದೆ, ಹಗಲು ಎರಡು ಗಂಟೆಗೆ.

ಇನ್ನೊಂದು ಲೆಕ್ಕ ಆ ಹುಡುಗಿಯೇ ಹೇಳಿಕೊಟ್ಟದ್ದು. 85 ಡೆಸಿಬೆಲ್ ಸದ್ದನ್ನು ಕಿವಿ ಎಂಟು ತಾಸು ತಡೆಯುತ್ತದೆ. ಮೂರು ಡೆಸಿಬೆಲ್ ಏರಿದರೆ ತಾಸು ಅರ್ಧಕ್ಕೆ ಇಳಿಯುತ್ತದೆ. ಹಾಗೆ ಇಳಿಯುತ್ತ ನೂರಕ್ಕೆ ಬಂದರೆ ಕಾಲು ತಾಸು ಮಾತ್ರ. ಪಬ್ಬಿನ ಮೂಲೆಯಲ್ಲಿ ಡ್ರಮ್ಮಿನ ಪಕ್ಕ ನಿಂತವನಿಗೆ ನೂರು ದೊಡ್ಡದಲ್ಲ. ನಿನ್ನ ಶನಿವಾರವನ್ನು ಕೂಡಿಸಿ ನೋಡಿದೆ: ಹಗಲೆಲ್ಲ ಬೇಲಿಯ ಪಕ್ಕ, ರಾತ್ರಿ ಎರಡು ತಾಸು ಸಿಂಬಲ್ ಪಕ್ಕ. ನೀನು ಅದನ್ನು ರೇಸು ಬೇರೆ, ಬ್ಯಾಂಡು ಬೇರೆ ಎಂದು ಎರಡು ಹವ್ಯಾಸ ಮಾಡಿ ಬರೆದಿದ್ದೀಯ. ಕಿವಿಗೆ ಅದು ಒಂದೇ ಪಾಳಿ, ಓವರ್‌ಟೈಮ್ ಸಮೇತ.

ಬೀದರಿನ ಮಾತು. ನಿನಗೆ ಆರು ವರ್ಷವಿರಬಹುದು, ನೆನಪಿದೆಯೋ ಇಲ್ಲವೋ. ಅತ್ತೆಯ ಮನೆಯ ಮಾಳಿಗೆಯ ಮೇಲೆ ನಿಂತಿದ್ದೆವು. ವಾಯುನೆಲೆಯ ಸೂರ್ಯಕಿರಣ ತಂಡದ ಅಭ್ಯಾಸ, ಒಂಬತ್ತು ವಿಮಾನ ಒಟ್ಟಿಗೆ ತಲೆಯ ಮೇಲೆ ಹಾದುಹೋದವು. ನೀನು ಎರಡೂ ಅಂಗೈಗಳಿಂದ ಕಿವಿ ಮುಚ್ಚಿ, ಕಣ್ಣನ್ನೂ ಮುಚ್ಚಿಕೊಂಡಿದ್ದೆ. ಸುತ್ತ ಹುಡುಗರು ಕುಣಿಯುತ್ತಿದ್ದರು. ನಾನು ನಿನ್ನ ಕೈಗಳನ್ನು ಹಿಡಿದು ಕೆಳಗೆ ಇಳಿಸಿದೆ. "ಹೆಣ್ಣುಮಕ್ಕಳ ಹಾಗೆ ಏನಿದು, ಕೇಳು" ಎಂದೆ. ಎರಡನೆಯ ಸಲ ಅವು ಬಂದಾಗ ನೀನು ಕಿವಿ ಮುಚ್ಚಲಿಲ್ಲ, ನನ್ನ ಕಡೆ ನೋಡಿ ನಕ್ಕೆ. ನಾನು ಹೆಮ್ಮೆಯಿಂದ ಅದನ್ನು ನಿಮ್ಮಪ್ಪನಿಗೆ ಹೇಳಿದೆ.

ಇಷ್ಟು ವರ್ಷ ಅದು ನನಗೆ ನೆನಪೂ ಇರಲಿಲ್ಲ. ನಿನ್ನ ಕಾಗದ ಓದಿದ ರಾತ್ರಿ ನಿನ್ನ ಆ ಸಣ್ಣ ಮಣಿಕಟ್ಟುಗಳು ನೆನಪಾದವು. ಒಂದು ದಿನದ ವಿಮಾನದಿಂದ ನಿನ್ನ ಕಿವಿ ಕೆಟ್ಟಿತು ಎಂದು ನಾನು ಹೇಳುತ್ತಿಲ್ಲ, ಅಷ್ಟು ಮೂಢನಲ್ಲ. ಆದರೆ ಕುತ್ತಿಗೆಯಲ್ಲಿ ಮಫ್ ಇಳಿಸಿಕೊಂಡು ನಗುತ್ತಿರುವ ಫೋಟೋದಲ್ಲಿ ಅದೇ ನಗು ಇದೆ.

ಏನು ಮಾಡಬೇಕು ಎಂದು ಹೇಳುವಷ್ಟು ನನಗೇನು ಗೊತ್ತು. ವಾದ್ಯಗಾರರಿಗೆಂದೇ ಮಾಡಿದ ಸೋಸುವ ಬಿರಡೆಗಳಿವೆಯಂತೆ, ಸದ್ದು ಸಣ್ಣದಾಗುತ್ತದೆ, ಸ್ವರ ಕೆಡುವುದಿಲ್ಲ. ಅಲ್ಲಿ ಸಿಗದಿರುವುದುಂಟೇ. ಸ್ಪಂಜಿನದಾದರೆ ಬತ್ತಿಯ ಹಾಗೆ ಹೊಸೆದು, ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೆ ಎಳೆದು ಒಳಗೆ ಬಿಟ್ಟು, ಅದು ಉಬ್ಬುವವರೆಗೆ ಬೆರಳು ಒತ್ತಿಹಿಡಿಯಬೇಕು. ಸುಮ್ಮನೆ ಬಾಗಿಲಲ್ಲಿ ಸಿಕ್ಕಿಸಿದರೆ ಪ್ರಯೋಜನವಿಲ್ಲ. ಹತ್ತಿ ಬೇಡ, ನಾವು ಹತ್ತಿ ಇಟ್ಟುಕೊಂಡೇ ಮೋಸ ಹೋದೆವು. ಬೇಲಿಯಿಂದ ಹಿಂದೆ ಸರಿದು ನಿಂತರೂ ರೇಸು ಕಾಣುತ್ತದೆಯಲ್ಲವೇ? ದೂರ ಎರಡು ಪಟ್ಟಾದರೆ ಬಯಲಲ್ಲಿ ಆರು ಡೆಸಿಬೆಲ್ ಇಳಿಯುತ್ತದೆಯಂತೆ. ರೇಸು ಇದ್ದ ರಾತ್ರಿ ಬ್ಯಾಂಡು ಬೇಡ ಎನ್ನಬೇಕೆನಿಸುತ್ತದೆ. ಅನ್ನುವುದಿಲ್ಲ. ನಿಮ್ಮವ್ವನಿಗೆ ಸುಳಿವು ಸಿಕ್ಕರೆ ಕಿವಿಗೆ ಬಿಸಿ ಎಣ್ಣೆ ಬಿಡು ಎನ್ನುತ್ತಾಳೆ, ಬಿಡಬೇಡ. ಅಲ್ಲಿಯೇ ಒಮ್ಮೆ ಆ ಗಾಜಿನ ಕೋಣೆಯಲ್ಲಿ ಕುಳಿತು ಗೆರೆ ಬರೆಸಿಕೊಂಡು ಬಾ, ಬಾವಿ ಎಷ್ಟು ಆಳ ತಿಳಿಯಲಿ. ಒಂದು ಕಿವಿ ಹಠಾತ್ತನೆ ಮುಚ್ಚಿಹೋದರೆ ಮಾತ್ರ ರಜೆಗೆ ಕಾಯಬೇಡ, ಅದೇ ದಿನ ಆಸ್ಪತ್ರೆಗೆ ಓಡು.

ಬ್ಯಾಂಡು ಬಿಡಬೇಡ. ನಮ್ಮ ಮನೆಯಲ್ಲಿ ಶ್ರುತಿ ತಿಳಿದವನು ಈಗ ನೀನೊಬ್ಬನೇ. ನನ್ನ ತಬಲಾ ಅಟ್ಟದ ಮೇಲೆ ಹಾಗೇ ಇದೆ. ಹೊಸ ತೊಗಲು ಹಾಕಿಸಿದ್ದೇನೆ, ಯಾರೂ ನುಡಿಸಿಲ್ಲ.

ಶೇಂಗಾ ಹಿಂಡಿ ಕಳಿಸಬೇಕೆಂದು ಚಿಗವ್ವ ಪೊಟ್ಟಣ ಕಟ್ಟಿಟ್ಟಿದ್ದಾಳೆ, ಬರುವವರು ಸಿಕ್ಕರೆ ಕೊಡುತ್ತೇವೆ.

ಪ್ರತಿ ವಾರ ಸೀಟಿ ಯಾವ ದಿನ ನಿಂತಿತು, ಭಾನುವಾರವೋ, ಸೋಮವಾರವೋ, ಬುಧವಾರವೋ, ಅಷ್ಟನ್ನು ಮಾತ್ರ ಬರೆದು ಕಳಿಸು. ಫೋನ್ ಮಾಡಿ ಹೇಳಬೇಡ. ಭಾನುವಾರ, ಬುಧವಾರ ಎರಡೂ ನನಗೆ ಒಂದೇ ಥರ ಕೇಳಿಸುತ್ತವೆ.

ಇಂತಿ,
ನಿನ್ನ ಕಾಕಾ