ಕಾಯಿಲ್ ಬದಲಾಯಿಸುವ ಮುನ್ನ

ಯೊಕೊಹಾಮಾ, ಜಪಾನ್
ಡಿಸೆಂಬರ್ 14

ತೀರ್ಥರೂಪರಾದ ಅಪ್ಪಯ್ಯನವರಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು. ಉಭಯ ಕುಶಲೋಪರಿ.

ಗೀಸರಿನ ನೀರು ಬೇಗ ಬಿಸಿಯಾಗುತ್ತಿಲ್ಲವೆಂದೂ, ರಿಪೇರಿಯವನು ಕಾಯಿಲ್ ಹೋಗಿದೆ ಎಂದು ಹೇಳಿ 3000 ವಾಟಿನದನ್ನು ಹಾಕಿಸಿಕೊಳ್ಳಲು ಸೂಚಿಸಿದ್ದಾನೆಂದೂ ಬರೆದಿದ್ದೀರಿ. ದಯವಿಟ್ಟು ಸದ್ಯಕ್ಕೆ ಅದನ್ನು ಹಾಕಿಸಬೇಡಿ. ನನ್ನ ತಮ್ಮ ಅಳೆದು ಕಳುಹಿಸಿದ ಅಂಕಿಗಳನ್ನು ಇಟ್ಟುಕೊಂಡು ಲೆಕ್ಕ ಹಾಕಿದೆ. ಕಾಯಿಲ್ ಸರಿಯಾಗಿಯೇ ಇದೆ. ದೋಷವಿರುವುದು ಅಲ್ಲಿಗೆ ಕರೆಂಟ್ ತರುವ ತಂತಿಯಲ್ಲಿ.

ಗೀಸರಿನ ಮೇಲೆ 230 ವೋಲ್ಟ್, 2000 ವಾಟ್ ಎಂದು ಅಚ್ಚಾಗಿದೆ. ವೋಲ್ಟನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ವಾಟಿನಿಂದ ಭಾಗಿಸಿದರೆ ಕಾಯಿಲಿನ ರೋಧ, ಅಂದರೆ ಕರೆಂಟಿನ ಹರಿವಿಗೆ ಅದು ಒಡ್ಡುವ ತಡೆ, ಓಮ್‌ಗಳಲ್ಲಿ ಸಿಗುತ್ತದೆ. 52,900ನ್ನು 2000ದಿಂದ ಭಾಗಿಸಿದರೆ ಸುಮಾರು 26.5 ಓಮ್. ಕಾಯಿಲ್ ಹೊಸದಾಗಿದ್ದಾಗ ಇರಬೇಕಾದದ್ದು ಇಷ್ಟು. ಗೀಸರ್ ಚಾಲೂ ಇದ್ದಾಗ ತಮ್ಮ ಅಳೆದದ್ದು 190 ವೋಲ್ಟ್, 7.2 ಆಂಪಿಯರ್. ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ 26.4 ಓಮ್ ಬರುತ್ತದೆ, ಅಂದರೆ ಕಾಯಿಲ್ ಹೊಸದರಂತೆಯೇ ಇದೆ. ಕಾಯಿಲ್ ನಿಜವಾಗಿ ಹೋಗುವುದೆಂದರೆ ಸಾಮಾನ್ಯವಾಗಿ ತುಂಡಾಗುವುದು. ಆಗ ನೀರು ನಿಧಾನವಾಗಿ ಬಿಸಿಯಾಗುವುದಿಲ್ಲ, ಬಿಸಿಯೇ ಆಗುವುದಿಲ್ಲ. (ತಂತಿಯನ್ನು ಸುತ್ತ ಹಿಡಿದು ಆಂಪಿಯರ್ ಅಳೆಯುವ ಕ್ಲ್ಯಾಂಪ್ ಮೀಟರನ್ನು ಒಂದೇ ತಂತಿಗೆ ಹಿಡಿದು ತಮ್ಮ ಜಾಣತನ ಮಾಡಿದ್ದಾನೆ. ಎರಡನ್ನೂ ಸೇರಿಸಿ ಹಿಡಿದಿದ್ದರೆ ಸೊನ್ನೆ ತೋರಿಸುತ್ತಿತ್ತು.)

ಹಾಗಾದರೆ ಬಿಸಿ ಏಕೆ ಸಾಲುತ್ತಿಲ್ಲ? 190ನ್ನು 7.2ರಿಂದ ಗುಣಿಸಿ ನೋಡಿ: ಕಾಯಿಲಿಗೆ ದಕ್ಕುತ್ತಿರುವುದು 1368 ವಾಟ್ ಮಾತ್ರ, 2000 ಅಲ್ಲ. 15 ಲೀಟರ್ ನೀರನ್ನು 30 ಡಿಗ್ರಿಯಷ್ಟು ಏರಿಸಲು 16 ನಿಮಿಷ ಸಾಕಾಗಬೇಕಿದ್ದ ಕಡೆ ಈಗ 23 ನಿಮಿಷ ಹಿಡಿಯುತ್ತದೆ. ವೋಲ್ಟೇಜ್ ಶೇಕಡಾ 17ರಷ್ಟು ಕುಸಿದರೆ ಅದರ ಜೊತೆಗೆ ಆಂಪಿಯರ್ ಕೂಡ ಕುಸಿಯುವುದರಿಂದ ಶಾಖ ಶೇಕಡಾ 30ಕ್ಕೂ ಹೆಚ್ಚು ಕಡಿಮೆಯಾಗುತ್ತದೆ.

ಗೀಸರ್ ಆರಿಸಿದಾಗ ಅದೇ ಜಾಗದಲ್ಲಿ 212 ವೋಲ್ಟ್ ಇತ್ತೆಂದು ತಮ್ಮ ಬರೆದಿದ್ದಾನೆ. ಹಾಕಿದೊಡನೆ ಮಾಯವಾಗುವ ಆ 22 ವೋಲ್ಟುಗಳಲ್ಲಿಯೇ ಎಲ್ಲ ಸುಳಿವೂ ಇದೆ. 22ನ್ನು 7.2ರಿಂದ ಭಾಗಿಸಿದರೆ 3.06 ಓಮ್, ಇದು ಬರುವ ದಾರಿಯ ರೋಧ. ಹಳೆಯ ಮನೆಯ ಜಗಲಿಯಲ್ಲಿರುವ ಮೀಟರಿನಿಂದ ತೋಟ ದಾಟಿ ಹೊಸ ಮನೆಗೆ ಸುಮಾರು 100 ಮೀಟರ್ ಎಳೆದಿರುವುದು 2.5 ಸ್ಕ್ವೇರ್ ಎಂಎಂ ಅಲ್ಯೂಮಿನಿಯಂ ತಂತಿ. ಹೋಗುವುದಕ್ಕೊಂದು, ಬರುವುದಕ್ಕೊಂದು ಎಂದು 200 ಮೀಟರ್ ಹಿಡಿದರೆ ಅದರ ರೋಧವೇ 2.4 ಓಮ್ ಆಗುತ್ತದೆ. ಉಳಿದ ಸುಮಾರು 0.65 ಓಮ್ ಎಲ್ಲಿದೆ ಎಂಬುದೇ ನನಗೆ ಚಿಂತೆಯ ವಿಷಯ. ಅದು ತೋಟದ ಮಧ್ಯೆ ಟೇಪು ಸುತ್ತಿ ಬಿಟ್ಟಿರುವ ಒಂದೇ ಜಾಯಿಂಟಿನಲ್ಲಿ ಸೇರಿಕೊಂಡಿದ್ದರೆ, 7.2ನ್ನು 7.2ರಿಂದಲೂ ಮತ್ತೆ 0.65ರಿಂದಲೂ ಗುಣಿಸಿದಾಗ ಬರುವ ಸುಮಾರು 34 ವಾಟ್ ಶಾಖ ಅಲ್ಲಿಯೇ ಹುಟ್ಟುತ್ತಿದೆ ಎಂದಾಯಿತು. ರೇಡಿಯೊ ರಿಪೇರಿಯವರು ಸೀಸ ಕರಗಿಸುವ ಸಾಲ್ಡರಿಂಗ್ ಐರನ್ 25 ವಾಟಿನದು.

ಇನ್ನು 3000 ವಾಟಿನ ಕಾಯಿಲ್ ಹಾಕಿಸಿದರೆ ಏನಾಗುತ್ತದೆ ಎಂದು ನೋಡೋಣ. ಅದರ ರೋಧ 17.6 ಓಮ್, ದಾರಿಯ 3.06 ಸೇರಿದರೆ ಒಟ್ಟು 20.7. ಆಗ 10.2 ಆಂಪಿಯರ್ ಹರಿದು ಮನೆಯ ವೋಲ್ಟೇಜ್ 181ಕ್ಕೆ ಇಳಿಯುತ್ತದೆ. ನೀರು ಈಗಿನದಕ್ಕಿಂತ ಬೇಗ ಕಾಯುವುದು ನಿಜ, ಆದರೆ ಆಗಲೂ ಸಿಗುವುದು 1850 ವಾಟ್ ಅಷ್ಟೇ, ಮತ್ತು ತಂತಿಯಲ್ಲಿ ವ್ಯರ್ಥವಾಗುವುದು 159 ವಾಟಿನಿಂದ ಸುಮಾರು 320ಕ್ಕೆ ಏರುತ್ತದೆ. ಮೀಟರಿನ ಈಚೆಗೆ ಸುಡುವುದಕ್ಕೆಲ್ಲ ಬಿಲ್ ನಮ್ಮದೇ. ತಂತಿಯ ನಷ್ಟ ಆಂಪಿಯರಿನ ವರ್ಗದಂತೆ ಬೆಳೆಯುತ್ತದೆ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತನ್ನು ಅಷ್ಟು ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹೆಚ್ಚಿನ ವೋಲ್ಟೇಜಿನಲ್ಲಿ, ಅಂದರೆ ಕಡಿಮೆ ಆಂಪಿಯರಿನಲ್ಲಿ, ಸಾಗಿಸಿದ್ದು ಇದಕ್ಕಾಗಿಯೇ.

ಇಲ್ಲಿ ಮನೆಗೆ ಬರುವುದು 100 ವೋಲ್ಟ್. ಹೀಗಾಗಿ ಚಹಾಕ್ಕೆ ನೀರು ಕಾಯಿಸುವ 1200 ವಾಟಿನ ಕೆಟಲ್ ಕೂಡ 12 ಆಂಪಿಯರ್ ಎಳೆಯುತ್ತದೆ. ವಿದ್ಯುತ್ ಕಂಪನಿಯೊಂದಿಗೆ ನನ್ನ ಮನೆಯ ಕರಾರು 30 ಆಂಪಿಯರಿನದು. ಕೆಟಲ್, ಮೈಕ್ರೋವೇವ್, ಹೀಟರ್ ಮೂರನ್ನೂ ಒಟ್ಟಿಗೆ ಹಾಕಿದರೆ ಬ್ರೇಕರ್ ಬಿದ್ದು ಮನೆಯೆಲ್ಲ ಕತ್ತಲಾಗುತ್ತದೆ. ಆಂಪಿಯರ್ ಕೂಡಿಸಿಕೊಂಡೇ ಅಡುಗೆ ಮಾಡುವುದು ಈಗ ಅಭ್ಯಾಸವಾಗಿದೆ.

ತಮ್ಮನಿಗೆ ಒಂದು ಮಾತು ಹೇಳಿ: ಈ ಲೆಕ್ಕ ಗೀಸರ್, ಇಸ್ತ್ರಿಪೆಟ್ಟಿಗೆಗಳಿಗೆ ಸರಿ, ತೋಟದ ಪಂಪ್‌ಸೆಟ್ಟಿಗೆ ಇದನ್ನು ಹಾಗೆಯೇ ಹಚ್ಚಬಾರದು. ಮೋಟಾರಿನಲ್ಲಿ ಪವರ್ ಫ್ಯಾಕ್ಟರ್ ಬೇರೆ ಇದೆ, ಅಂದರೆ ವೋಲ್ಟನ್ನು ಆಂಪಿಯರಿನಿಂದ ಗುಣಿಸಿದಷ್ಟು ವಾಟ್ ಅಲ್ಲಿ ಬರುವುದಿಲ್ಲ, ಅಲ್ಲದೆ ಹೊರೆ ಹೊತ್ತ ಮೋಟಾರು ವೋಲ್ಟೇಜ್ ಇಳಿದಾಗ ಕರೆಂಟನ್ನು ಹೆಚ್ಚಾಗಿಯೇ ಎಳೆಯುತ್ತದೆ.

ಈಗ ಆಗಬೇಕಾದದ್ದು ಇನ್ನೊಂದೇ ಅಳತೆ. ಗೀಸರ್ ಹಾಕಿಟ್ಟು, ಹಳೆಯ ಮನೆಯ ಮೀಟರ್ ಬೋರ್ಡಿನ ಹತ್ತಿರದ ಪ್ಲಗ್ಗಿನಲ್ಲಿ ವೋಲ್ಟೇಜ್ ಎಷ್ಟಿದೆ ಎಂದು ನೋಡಲಿ. ಅಲ್ಲಿ 212 ಕದಲದೆ ಉಳಿದರೆ ದೋಷ ನಮ್ಮ ಜಾಯಿಂಟಿನದು; 207ಕ್ಕೆ ಇಳಿದರೆ ಕಂಬದ ಕಡೆಯದು, ಲೈನ್‌ಮನ್‌ಗೆ ಹೇಳಬೇಕು. ಎರಡರಲ್ಲಿ ಯಾವುದಾದರೂ ಸರಿ, ಆ ಹಳೆಯ ತಂತಿಯನ್ನು ತೆಗೆಸಿ, ನಡುವೆ ಜಾಯಿಂಟ್ ಇಲ್ಲದಂತೆ 10 ಸ್ಕ್ವೇರ್ ಎಂಎಂ ಅಲ್ಯೂಮಿನಿಯಂ ತಂತಿ ಎಳೆಸಿ; 2.4 ಓಮ್ ಇದ್ದದ್ದು 0.6ಕ್ಕೆ ಇಳಿಯುತ್ತದೆ. ಅದಕ್ಕೆ ಬೇಕಾದ ಹಣವನ್ನು ಈ ತಿಂಗಳೇ ಕಳುಹಿಸುತ್ತೇನೆ. ಅಲ್ಲಿಯವರೆಗೆ ಬಚ್ಚಲ ಹಂಡೆಗೆ ಬೆಂಕಿ ಹಾಕಿ ಸ್ನಾನ ಮಾಡಿ, ಜಾಯಿಂಟನ್ನು ಮೇನ್ ಸ್ವಿಚ್ ಆರಿಸದೆ ಯಾರೂ ಮುಟ್ಟದಿರಿ. ಅಮ್ಮನಿಗೆ ನನ್ನ ನಮಸ್ಕಾರ ತಿಳಿಸಿ.

ಇಂತಿ ನಿಮ್ಮ ಮಗಳು