ವೋಲ್ವೊ ಎಂಜಿನ್ನಿನ ಆ ಗುಂಡಗಿನ ಸೆನ್ಸರ್

ಗೋಥೆನ್‌ಬರ್ಗ್, ಸ್ವೀಡನ್
ಅಕ್ಟೋಬರ್ 12

ತೀರ್ಥರೂಪ ಅಪ್ಪನವರಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು.

ನಾವೆಲ್ಲರೂ ಇಲ್ಲಿ ಕ್ಷೇಮ. ನಮ್ಮ 1990ರ ವೋಲ್ವೊ 240 ಕಾರಿನ ಎಂಜಿನ್ನಿನ ಫೋಟೊ ನೋಡಿ, ಗಾಳಿ ಒಳಹೋಗುವ ಕೊಳವೆಗಳಾದ ಇನ್‌ಟೇಕ್ ಮ್ಯಾನಿಫೋಲ್ಡಿನ ಕೆಳಗೆ ಎಂಜಿನ್ನಿನ ಕಬ್ಬಿಣದ ಮೈಗೆ, ಅಂದರೆ ಬ್ಲಾಕಿಗೆ, ಬಿಗಿದಿರುವ ಆ ಗುಂಡಗಿನ ಕಪ್ಪು ಭಾಗ ಆಯಿಲ್ ಪ್ರೆಶರ್ ಸ್ವಿಚ್ ಇರಬಹುದೆಂದು ನೀವು ಫೋನಿನಲ್ಲಿ ಊಹಿಸಿದ್ದಿರಿ. ಅದು ನಾಕ್ ಸೆನ್ಸರ್, ಅಂದರೆ ಎಂಜಿನ್ನಿನ ಕಿಟಿಕಿಟಿ ಬಡಿತವನ್ನು (ನಾಕಿಂಗ್) ಗ್ರಹಿಸುವ ಭಾಗ, ಎಂದು ಈಗ ಖಚಿತವಾಗಿದೆ. ಖಚಿತವಾದ ಬಗೆಯನ್ನು ವಿವರವಾಗಿಯೇ ಬರೆಯುತ್ತಿದ್ದೇನೆ, ಏಕೆಂದರೆ ಕೊನೆಯ ಸುಳಿವು ನೀವು ದುಡಿದ ಆಡುಗೋಡಿಯ ಕಾರ್ಖಾನೆಗೂ ನಂಟಿರುವಂಥದ್ದು.

ಆಯಿಲ್ ಪ್ರೆಶರ್ ಸ್ವಿಚ್ಚಿಗೆ ಎಣ್ಣೆ ತಾಗಲೇಬೇಕು. ಆದ್ದರಿಂದ ಅದರ ಮೈಯಲ್ಲೇ ಸ್ಕ್ರೂವಿನಂಥ ಮರೆ ಇದ್ದು, ಅದು ಬ್ಲಾಕಿನೊಳಗಿನ ಎಣ್ಣೆದಾರಿಗೆ ತಿರುಗಿ ಕೂರುತ್ತದೆ. ಈ ಕಾರಿನಲ್ಲಿ ಅದು ಆಯಿಲ್ ಫಿಲ್ಟರ್ ಇರುವ ಆಚೆ ಬದಿಗಿದೆ. ಟೆಂಪರೇಚರ್ ಸೆನ್ಸರಿನ ತುದಿಗೂ ಹಾಗೆಯೇ ನೀರು ತಾಗಬೇಕಾದ್ದರಿಂದ ಅದನ್ನು ಸಿಲಿಂಡರ್ ಹೆಡ್ಡಿಗೆ ಕೂರಿಸಿದ್ದಾರೆ. ಎಂಜಿನ್ನಿನ ವೇಗ ಅಳೆಯುವ ಸೆನ್ಸರ್ ಹಿಂದುಗಡೆ, ಫ್ಲೈವೀಲಿನ ಹತ್ತಿರ ಇದೆ. ನಾವು ಹುಡುಕುತ್ತಿದ್ದ ಭಾಗದ ರೀತಿಯೇ ಬೇರೆ: ನಡುವೆ ರಂಧ್ರ, ಅದರ ಮೂಲಕ ಹಾದುಹೋದ ಒಂದು ಬೋಲ್ಟು, ಕೆಳಗೆ ನುಣ್ಣಗೆ ಮಾಡಿದ ಲೋಹದ ಚಪ್ಪಟೆ ಜಾಗ. ಎಣ್ಣೆಯಾಗಲಿ, ನೀರಾಗಲಿ, ತಿರುಗುವ ಚಕ್ರವಾಗಲಿ ಅದರ ಹತ್ತಿರ ಸುಳಿಯುವಂತಿಲ್ಲ. ಬರಿಯ ಕಬ್ಬಿಣಕ್ಕೆ ಒತ್ತಿ ಕುಳಿತ ವಸ್ತುವಿಗೆ ಆ ಕಬ್ಬಿಣದ ಅದುರುವಿಕೆಯನ್ನು ಬಿಟ್ಟರೆ ಅಳೆಯಲು ಇನ್ನೇನೂ ಉಳಿಯುವುದಿಲ್ಲ ಎಂಬಲ್ಲಿಗೆ ನನ್ನ ಅನುಮಾನ ಬಂದು ನಿಂತಿತ್ತು.

ಬೋಲ್ಟು ಬಿಚ್ಚಿ, ಮೈಮೇಲೆ ಗಟ್ಟಿಯಾಗಿ ಅಂಟಿದ್ದ ಎಣ್ಣೆಜಿಡ್ಡನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದಾಗ ಬಾಷ್ ಎಂಬ ಹೆಸರೂ ಅದರ ಕೆಳಗೆ 0 261 231 ಎಂದು ಆರಂಭವಾಗುವ ಹತ್ತಂಕಿಯ ಸಂಖ್ಯೆಯೂ ಕಂಡವು. ಹೆಸರು ಬಾಷ್ ಎಂದಾದರೂ ನೀವು ಇಂದಿಗೂ ಮೈಕೊ ಎಂದೇ ಕರೆಯುವ, ಬೆಂಗಳೂರಿನ ನಿಮ್ಮ ಕಂಪನಿಯ ಪಂಪುಗಳ ಮೇಲೆ ಇಂಥ ಸಂಖ್ಯೆಗಳನ್ನು ನೋಡಿ ನೋಡಿ ನಿಮಗೆ ಅಭ್ಯಾಸವಾಗಿದೆ. ಬಾಷ್ ಸಂಖ್ಯೆಯ ಮೊದಲ ಏಳು ಅಂಕಿಗಳು ಸಾಮಾನ್ಯವಾಗಿ ಭಾಗದ ಜಾತಿಯನ್ನು ಹೇಳುತ್ತವೆ: 0 280 130 ಎಂದಿದ್ದರೆ ಟೆಂಪರೇಚರ್ ಸೆನ್ಸರ್, 0 261 210 ಎಂದಿದ್ದರೆ ವೇಗದ ಸೆನ್ಸರ್, 0 261 231 ಎಂದಿದ್ದರೆ ನಾಕ್ ಸೆನ್ಸರ್. ಕಾರು ಯಾವ ಕಂಪನಿಯದಾದರೂ, ಸಂಖ್ಯೆ ಅಳಿಸಿಹೋಗಿಲ್ಲದಿದ್ದರೆ ಇದಕ್ಕಿಂತ ಸುಲಭವಾದ ದಾರಿ ಇಲ್ಲವೆಂದೇ ನನ್ನ ಅಭಿಪ್ರಾಯ.

ಇದರೊಳಗೆ ಪೀಜೊ ಹರಳಿನ ಬಿಲ್ಲೆಯಿದೆ. ಅಮ್ಮನ ಗ್ಯಾಸ್ ಲೈಟರಿನಲ್ಲಿ ಒಳಗಿನ ಹರಳಿಗೆ ಪೆಟ್ಟು ಬಿದ್ದು ಕಿಡಿ ಹಾರುವಂತೆಯೇ, ಇಲ್ಲಿಯೂ ಬ್ಲಾಕ್ ಅದುರಿದಾಗ ಹರಳಿನಲ್ಲಿ ಅತಿ ಸಣ್ಣ ವಿದ್ಯುತ್ತು ಹುಟ್ಟುತ್ತದೆ. ಇಗ್ನಿಷನ್ ಕಂಪ್ಯೂಟರ್ ಅದರಲ್ಲಿ ನಾಕಿಂಗಿನ ಸದ್ದನ್ನು ಗುರುತಿಸಿದ ಕೂಡಲೇ ಟೈಮಿಂಗನ್ನು, ಅಂದರೆ ಕಿಡಿ ಹಾರುವ ಗಳಿಗೆಯನ್ನು, ತುಸು ತಡವಾಗುವಂತೆ ಹಿಂದಕ್ಕೆ ಸರಿಸುತ್ತದೆ. ಅಂಬಾಸಡರ್ ಏರು ಹತ್ತುವಾಗ ಕಿಟಿಕಿಟಿ ಎಂದರೆ ನೀವು ಕಿವಿಗೊಟ್ಟು ಕೇಳಿ ಡಿಸ್ಟ್ರಿಬ್ಯೂಟರ್ ತಿರುಗಿಸುತ್ತಿದ್ದಿರಲ್ಲ, ಆ ಕೆಲಸವನ್ನು ಈ ಸೆನ್ಸರ್ ಕಾರು ಓಡುತ್ತಿರುವಾಗಲೇ ಮಾಡಿಸುತ್ತದೆ. ಸೆನ್ಸರಿನಿಂದ ಸುದ್ದಿಯೇ ಬರದಿದ್ದರೆ ಕಂಪ್ಯೂಟರ್ ಎಂಜಿನ್ನನ್ನು ಕಾಪಾಡಲೆಂದು ಟೈಮಿಂಗನ್ನು ಹಿಂದೆಯೇ ಇಟ್ಟುಬಿಡುತ್ತದೆ. ನಮ್ಮ ಕಾರು ದಿಬ್ಬಗಳಲ್ಲಿ ಸೊರಗಿ, ಪೆಟ್ರೋಲು ಹೆಚ್ಚು ಕುಡಿಯುತ್ತಿದ್ದುದಕ್ಕೆ ಕಾರಣ ಇದೇ ಇರಬೇಕು.

ಎಂಜಿನ್ ಕೋಣೆಯ ಎಡಬದಿಯಲ್ಲಿರುವ ಪುಟ್ಟ ಡಯಾಗ್ನೊಸ್ಟಿಕ್ ಪೆಟ್ಟಿಗೆಯೂ ಇದನ್ನೇ ಹೇಳಿತು. ಅದರ ವೈರನ್ನು 6ನೇ ತೂತಿಗೆ ಸಿಕ್ಕಿಸಿ, ಕೀ ಆನ್ ಮಾಡಿ ಗುಂಡಿ ಒತ್ತಿದರೆ ಕೆಂಪು ದೀಪ ಒಮ್ಮೆ, ತುಸು ತಡೆದು ನಾಲ್ಕು ಬಾರಿ, ಮತ್ತೆ ಮೂರು ಬಾರಿ ಮಿನುಗಿತು. 1-4-3 ಎಂದರೆ ನಾಕ್ ಸೆನ್ಸರಿನ ದೋಷ.

ಮಲ್ಟಿಮೀಟರಿನಿಂದ ಸೆನ್ಸರಿನ ಓಮ್ (ವಿದ್ಯುತ್ ತಡೆ) ಅಳೆದು ನೋಡು ಎಂಬ ನಿಮ್ಮ ಸಲಹೆಯ ಬಗ್ಗೆ ಒಂದು ಮಾತು. ಟೆಂಪರೇಚರ್ ಸೆನ್ಸರಿಗೆ ಅದು ಸರಿಯಾದ ಪರೀಕ್ಷೆ. 20 ಡಿಗ್ರಿಯಲ್ಲಿ ಸುಮಾರು 2,500 ಓಮ್ ತೋರಿಸಿ, 80 ಡಿಗ್ರಿಯಲ್ಲಿ ಸುಮಾರು 300ಕ್ಕೆ ಇಳಿಯಬೇಕು. ನಾಕ್ ಸೆನ್ಸರ್ ಮಾತ್ರ ಚೆನ್ನಾಗಿದ್ದಾಗಲೂ ವೈರು ತುಂಡಾದಂತೆಯೇ ತೋರಿಸುವುದರಿಂದ ಓಮ್ ನೋಡಿ ಅದನ್ನು ಕೆಟ್ಟಿದೆ ಎನ್ನಲಾಗದು. ಮೀಟರನ್ನು ಎ.ಸಿ. ಮಿಲಿವೋಲ್ಟಿಗೆ ಇಟ್ಟು, ಸೆನ್ಸರನ್ನು ಸ್ಪ್ಯಾನರಿನಿಂದ ಮೆಲ್ಲಗೆ ತಟ್ಟಿ ನೋಡಬೇಕು. ನಮ್ಮದನ್ನು ತಟ್ಟಿದರೂ ಮೀಟರ್ ಅಲುಗಲಿಲ್ಲ, ಕನೆಕ್ಟರಿನ ಬಳಿ ಪ್ಲಾಸ್ಟಿಕ್ ಬಿರಿದಿತ್ತು.

ಹೊಸದನ್ನು ತರಿಸಿದ್ದೇನೆ. ಬ್ಲಾಕಿನ ಮೇಲಿನ ಜಾಗವನ್ನು ತುಕ್ಕು, ಬಣ್ಣ ಇಲ್ಲದಂತೆ ಉಜ್ಜಿ, ವಾಷರ್ ಹಾಕದೆ, 20 ನ್ಯೂಟನ್ ಮೀಟರಿಗೆ ಬಿಗಿಯಬೇಕು. ಬಿಗಿತ ತಪ್ಪಿದರೆ ಹರಳಿಗೆ ತಲುಪುವ ಅದುರುವಿಕೆಯೇ ಬದಲಾಗುತ್ತದೆ. ಮ್ಯಾನಿಫೋಲ್ಡಿನ ಕೆಳಗೆ ಟಾರ್ಕ್ ರೆಂಚ್ ನೇರವಾಗಿ ಹಿಡಿಸದ ಕಾರಣ ಉದ್ದನೆಯ ಎಕ್ಸ್‌ಟೆನ್ಷನ್ ಹಾಕಬೇಕಾಗಿದೆ. ಸಾಕೆಟ್ಟಿನ ನೇರಕ್ಕೇ ಹಾಕಿದ ಎಕ್ಸ್‌ಟೆನ್ಷನ್ನಿನಿಂದ ಬಿಗಿತದ ಲೆಕ್ಕ ಕೆಡುವುದಿಲ್ಲ ಎಂದುಕೊಂಡಿದ್ದೇನೆ. ಯೂನಿವರ್ಸಲ್ ಜಾಯಿಂಟ್ ಸೇರಿಸಿದರೆ ಎಷ್ಟು ವ್ಯತ್ಯಾಸ ಬಂದೀತೆಂದು ನಿಮ್ಮ ಅನುಭವದಿಂದ ಈ ಶನಿವಾರದೊಳಗೆ ತಿಳಿಸಬೇಕಾಗಿ ಕೋರುತ್ತೇನೆ.

ಅಮ್ಮನಿಗೂ ಅಜ್ಜಿಗೂ ನನ್ನ ನಮಸ್ಕಾರಗಳು.

ಇಂತಿ ನಿಮ್ಮ ಪ್ರೀತಿಯ ಮಗಳು